ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದ ಶುಗರ್: ಒಂದು ಪ್ರಕರಣ

ಮಲೆನಾಡಿನ ತಾಲ್ಲೂಕು ಪಟ್ಟಣವೊಂದರಲ್ಲಿ ನನ್ನ ಕ್ಲಿನಿಕ್ಕು. ಈ ಬರಹದಲ್ಲಿ ಬರುವ ರೋಗಿಯನ್ನು ಗೌರಮ್ಮ ಎನ್ನುತ್ತೇನೆ. ಹೆಸರು ಅವರದ್ದಲ್ಲ, ಮನೆಯ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ವಯಸ್ಸು ಮತ್ತು ಪರೀಕ್ಷೆಯ ಅಂಕಿಗಳನ್ನು ಮಾತ್ರ ಮುಟ್ಟಿಲ್ಲ, ಅವಿಲ್ಲದೆ ಲೆಕ್ಕ ಕೂಡುವುದಿಲ್ಲ. ಬರೆಯಲು ಒಪ್ಪಿಗೆ ಕೇಳಿದಾಗ, "ನನ್ ಹೆಸ್ರು ಬೇಡ ಡಾಕ್ಟ್ರೇ, ಆದ್ರೆ ಕ್ಯಾಲೆಂಡರ್ ವಿಷ್ಯ ಬಿಡ್ಬೇಡಿ" ಅಂದರು. ಬಿಡುವುದಿಲ್ಲ. ಈ ಕತೆಯಲ್ಲಿ ತಪ್ಪು ಮಾಡಿದ್ದು ನಾನು, ಅದನ್ನು ಹಿಡಿದುಕೊಟ್ಟಿದ್ದು ಆ ಕ್ಯಾಲೆಂಡರು.

ಹಿನ್ನೆಲೆ

ಗೌರಮ್ಮನಿಗೆ 61 ವರ್ಷ, ತೂಕ 44 ಕೆ.ಜಿ. ಮೊದಲಿನಿಂದಲೂ ಕಡ್ಡಿಯಂಥ ಶರೀರ. ಸಕ್ಕರೆ ಕಾಯಿಲೆ ಶುರುವಾಗಿ 11 ವರ್ಷ. ಮೆಟ್‌ಫಾರ್ಮಿನ್ 1 ಗ್ರಾಂ ದಿನಕ್ಕೆರಡು ಸಲ, ಗ್ಲಿಮೆಪಿರೈಡ್ 2 ಮಿ.ಗ್ರಾಂ ಬೆಳಗ್ಗೆ, ಬಿಪಿಗೆ ಆಮ್ಲೋಡಿಪಿನ್. ಅವರ ಅಣ್ಣನಿಗೂ ಇದೇ ಕಾಯಿಲೆ ಇತ್ತು. ಕಿಡ್ನಿ ಹೋಗಿ, ಎರಡು ವರ್ಷ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಓಡಾಡಿ ತೀರಿಕೊಂಡರು. ಬೆಂಗಳೂರಿನಲ್ಲಿರುವ ಮಗ ಮಾವನನ್ನು ಆಸ್ಪತ್ರೆಗೆ ಕರೆದೊಯ್ದವನು. ಅಮ್ಮನ ವಿಷಯದಲ್ಲಿ ಅವನ ಪ್ರಶ್ನೆ ಯಾವಾಗಲೂ ಒಂದೇ: ಇದು ಮೊದಲೇ ಗೊತ್ತಾಗುವ ಹಾಗೆ ಒಂದು ಬ್ಲಡ್ ಟೆಸ್ಟ್ ಇಲ್ವಾ?

ಆ ವರ್ಷ ಫೆಬ್ರವರಿಯಲ್ಲಿ ಅವರ ಎಚ್‌ಬಿಎ1ಸಿ, ಅಂದರೆ ನಮ್ಮ ಕಡೆ 'ಮೂರು ತಿಂಗಳ ಶುಗರ್' ಅನ್ನುವುದು, 9.1 ಬಂದಿತ್ತು. ಮಾರ್ಚ್ ಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಬಂದರು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದ ಹಾಗಿತ್ತು. ಹಿಮೋಗ್ಲೋಬಿನ್ 7.1, ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಎಂದು ಹೇಳುವ ಫೆರಿಟಿನ್ ಬರೀ 6. ಮೂಲವ್ಯಾಧಿಯಿಂದ ತಿಂಗಳುಗಟ್ಟಲೆ ರಕ್ತ ಹೋಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ರಕ್ತ ಹೋದರೆ ಎಲ್ಲವನ್ನೂ ಮೂಲವ್ಯಾಧಿಯ ತಲೆಗೆ ಕಟ್ಟುವ ಹಾಗಿಲ್ಲ. ಜಿಲ್ಲಾ ಕೇಂದ್ರಕ್ಕೆ ಕಳಿಸಿ, ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿ ಮಾಡಿಸಿದೆವು, ಬೇರೇನೂ ಸಿಗಲಿಲ್ಲ. ಏಪ್ರಿಲ್ ಮೊದಲ ವಾರ ರಕ್ತನಾಳದ ಮೂಲಕ 1 ಗ್ರಾಂ ಕಬ್ಬಿಣದಂಶ ಕೊಟ್ಟೆವು. ತಿಂಗಳೊಳಗೆ ಮುಖಕ್ಕೆ ಕಳೆ ಬಂತು.

ಮೇ ಕೊನೆಗೆ ಮಗ ಮನೆಗೇ ಜನ ಕಳಿಸಿ 'ಫುಲ್ ಬಾಡಿ ಚೆಕಪ್' ಮಾಡಿಸಿದ. 86 ಪರೀಕ್ಷೆ, 14 ಪುಟದ ವರದಿ. ಹಿಮೋಗ್ಲೋಬಿನ್ 11.2. ಎಚ್‌ಬಿಎ1ಸಿ 6.3. ಕ್ರಿಯಾಟಿನಿನ್ 0.8, ಅದರಿಂದ ಲೆಕ್ಕ ಹಾಕಿದ ಕಿಡ್ನಿ ಸೋಸುವ ಪ್ರಮಾಣ, ಇಜಿಎಫ್‌ಆರ್, 84. ಮುಖ್ಯ ಸಾಲುಗಳೆಲ್ಲ ಹಸಿರು ಬಣ್ಣದಲ್ಲಿ. ಕೊನೆಯ ಪುಟದಲ್ಲಿ ಒಂದು ಮೀಟರಿನ ಚಿತ್ರ, ಮುಳ್ಳು ಎಡಕ್ಕೆ ವಾಲಿತ್ತು: ಮಧುಮೇಹದ ತೊಡಕುಗಳ ಅಪಾಯ, ಕಡಿಮೆ.

ಮನೆಯಲ್ಲಿ ಇದರ ಶ್ರೇಯಸ್ಸು ಬೆಳಗಿನ ಮೆಂತ್ಯದ ನೀರಿಗೆ ಹೋಯಿತು. ನಾನೂ ಖುಷಿಪಟ್ಟೆ. 44 ಕೆ.ಜಿ.ಯ ಹೆಂಗಸಿಗೆ 6.3 ಇದ್ದು ಮೇಲೆ ಗ್ಲಿಮೆಪಿರೈಡ್ ಬೇರೆ ಕೊಟ್ಟರೆ ಶುಗರ್ ಕುಸಿದು ಬಚ್ಚಲಲ್ಲಿ ಬಿದ್ದಾರು ಎಂಬ ಭಯ. 2 ಇದ್ದದ್ದನ್ನು 1 ಮಿ.ಗ್ರಾಂಗೆ ಇಳಿಸಿದೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಏಪ್ರಿಲ್‌ನಲ್ಲಿ ಕಬ್ಬಿಣ ಕೊಟ್ಟಿದ್ದು ನಾನೇ, ನನ್ನ ಕೈಬರಹವೇ ಅದೇ ಫೈಲಿನ ಹಿಂದಿನ ಹಾಳೆಯಲ್ಲಿತ್ತು. ಹಾಳೆ ಹಿಂದಕ್ಕೆ ಮಗುಚಲಿಲ್ಲ.

ಕ್ಯಾಲೆಂಡರು

ಜುಲೈನಲ್ಲಿ ಅಂಗಾಲು ಉರಿ ಅಂತ ಬಂದರು. ಜೊತೆಗೆ ಏಳನೇ ಕ್ಲಾಸಿನ ಮೊಮ್ಮಗಳು. ಕೊಡೆಯೊಳಗೆ ಸುರುಳಿ ಸುತ್ತಿ ತಂದ ಕ್ಯಾಲೆಂಡರಿನ ಎರಡು ಹಾಳೆಗಳನ್ನು ಅವಳು ನನ್ನ ಮೇಜಿನ ಮೇಲೆ ಹರವಿದಳು. ದೊಡ್ಡ ತಾರೀಖಿನ, ಅಡುಗೆಮನೆಯಲ್ಲಿ ಹಾಲಿನ ಲೆಕ್ಕಕ್ಕೆ ನೇತುಹಾಕುವ ಕ್ಯಾಲೆಂಡರು. ಪ್ರತಿ ಚೌಕದಲ್ಲೂ ನೀಲಿ ಪೆನ್ನಿನಲ್ಲಿ 'ಒಂದೂವರೆ', ಹಾಲಿನವನು ಬಾರದ ದಿನ 'ಇಲ್ಲ'. ಕೆಳಗಿನ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಸಣ್ಣ ಅಂಕಿಗಳು: 172, 238, 181, 226. ಅಪ್ಪ ತಂದುಕೊಟ್ಟ ಗ್ಲುಕೋಮೀಟರಿನಲ್ಲಿ ಅಜ್ಜಿಯ ಬೆರಳು ಚುಚ್ಚುವ ಕೆಲಸ ಅವಳದ್ದು. ಖಾಲಿ ಹೊಟ್ಟೆಯದ್ದಕ್ಕೆ ಸೊನ್ನೆ, ಊಟದ ನಂತರದ್ದಕ್ಕೆ ತಟ್ಟೆಯ ಚಿತ್ರ.

41 ಅಂಕಿಗಳಿದ್ದವು. ಕೂಡಿ ಭಾಗಿಸಿದೆ, ಸರಾಸರಿ 203.

ಎಚ್‌ಬಿಎ1ಸಿಯನ್ನು ಸರಾಸರಿ ಸಕ್ಕರೆಗೆ ತಿರುಗಿಸುವ ಸೂತ್ರ ಸುಲಭ: 28.7ರಿಂದ ಗುಣಿಸಿ 46.7 ಕಳೆಯುವುದು. 6.3ಕ್ಕೆ ಬರುವುದು 134. ಒಂದು ಕಡೆ 134, ಇನ್ನೊಂದು ಕಡೆ 203. ಗ್ಲಿಮೆಪಿರೈಡ್ ಅರ್ಧ ಮಾಡಿದ್ದಕ್ಕೆ ಸ್ವಲ್ಪ ಏರಬಹುದು, ಆದರೆ ಜೂನ್ ಮೊದಲ ವಾರದ ಅಂಕಿಗಳೂ ಇಷ್ಟೇ ಎತ್ತರದಲ್ಲಿದ್ದವು. ಮೊದಲು ಮೀಟರಿನ ಮೇಲೇ ಅನುಮಾನ ಬಂತು. ತರಿಸಿ, ಅದೇ ಗಳಿಗೆಯಲ್ಲಿ ತೋಳಿನ ರಕ್ತವನ್ನೂ ತೆಗೆದು ಹೋಲಿಸಿದೆ. ಮೀಟರಿನಲ್ಲಿ 196, ಲ್ಯಾಬಿನಲ್ಲಿ 188. ಮೀಟರು ಸರಿಯಾಗೇ ಇತ್ತು. ಆಗ ಫೈಲನ್ನು ಹಿಂದಕ್ಕೆ ಮಗುಚಿದೆ.

ಎಚ್‌ಬಿಎ1ಸಿ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಹೇಳುತ್ತದೆ. ಕಣದ ಆಯಸ್ಸು ಸುಮಾರು 120 ದಿನ, ಹೆಚ್ಚು ದಿನ ಬದುಕಿದ ಕಣಕ್ಕೆ ಹೆಚ್ಚು ಸಕ್ಕರೆ ಅಂಟುತ್ತದೆ. ಕಬ್ಬಿಣದ ಕೊರತೆಯಲ್ಲಿ ಹೊಸ ಕಣ ಹುಟ್ಟುವುದು ನಿಧಾನ, ಇರುವವು ಹಳೆಯವು, ಅಂಕಿ ಇರುವುದಕ್ಕಿಂತ ಮೇಲೆ ತೋರುತ್ತದೆ. ಫೆಬ್ರವರಿಯ 9.1ರಲ್ಲಿ ಆ ಉಬ್ಬರ ಸ್ವಲ್ಪ ಇದ್ದಿರಬೇಕು. ಕಬ್ಬಿಣ ಕೊಟ್ಟ ಮೇಲೆ ಮಜ್ಜೆಯಿಂದ ಹೊಸ ಕಣಗಳ ದಂಡೇ ಬರುತ್ತದೆ, ಅಂಕಿ ಕೆಳಗೆ ಬೀಳುತ್ತದೆ. 9.1ರಿಂದ 6.3ಕ್ಕೆ ಇಳಿದದ್ದರಲ್ಲಿ ಮೆಂತ್ಯದ ಪಾಲೂ ಇಲ್ಲ, ನನ್ನ ಮಾತ್ರೆಯ ಪಾಲೂ ಇಲ್ಲ.

ಗೌರಮ್ಮನಿಗೆ ಇದನ್ನು ಹೇಳಿದ್ದು ಮಾವಿನ ಮಿಡಿಯ ಲೆಕ್ಕದಲ್ಲಿ. ಹಳೆ ಭರಣಿಗೆ ಹೊಸ ಮಿಡಿ ಸುರಿದು, ಎರಡು ದಿನ ಬಿಟ್ಟು ಮೇಲಿನ ಒಂದನ್ನು ಕಚ್ಚಿ ನೋಡಿದರೆ ಉಪ್ಪೇ ಹಿಡಿದಿರುವುದಿಲ್ಲ, ಅಲ್ವಾ? ನಾನು ಮುಗಿಸುವ ಮೊದಲೇ ಅವರೇ ಅಂದರು: "ಹಂಗಾದ್ರೆ ಭರಣೀಲಿ ಉಪ್ಪು ಇದ್ದಷ್ಟೇ ಇತ್ತು. ನೀವು ಕಚ್ಚಿ ನೋಡಿದ್ದು ಎಳೇ ಮಿಡಿ."

ಈ ಅಂಕಿಗೆ ಇಷ್ಟು ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1,441 ಜನ ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಎಂಬ ಅಧ್ಯಯನ, ಆಮೇಲೆ ಟೈಪ್ 2 ರೋಗಿಗಳ ಮೇಲೆ ನಡೆದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ, ಇವೆರಡೂ ಎಚ್‌ಬಿಎ1ಸಿ ಇಳಿದಷ್ಟೂ ಕಣ್ಣು, ಕಿಡ್ನಿ, ನರದ ತೊಂದರೆ ಇಳಿಯುವುದನ್ನು ತೋರಿಸಿದವು. ಯುಕೆಪಿಡಿಎಸ್ ಲೆಕ್ಕದಲ್ಲಿ ಶೇ. 1 ಅಂಕ ಇಳಿದರೆ ಸಣ್ಣ ರಕ್ತನಾಳಗಳ ತೊಡಕು ಶೇ. 37 ಕಡಿಮೆ. ಆದರೆ ಇವೆಲ್ಲ ಗುಂಪಿನ ಲೆಕ್ಕ. ನನ್ನ ಮುಂದೆ ಕೂತ ಒಬ್ಬರ ರಕ್ತಕಣಗಳು ಮೊನ್ನೆ ಮೊನ್ನೆ ಹುಟ್ಟಿದವು ಎಂದು ಆ ಲೆಕ್ಕಕ್ಕೆ ಹೇಗೆ ಗೊತ್ತಾಗಬೇಕು?

ಮತ್ತೆ ಮೊದಲಿನಿಂದ

ಹಸಿರು ಬಣ್ಣದ ಒಂದು ಸಾಲು ಸುಳ್ಳಾದರೆ ಉಳಿದವನ್ನು ನಂಬುವುದು ಹೇಗೆ? 14 ಪುಟವನ್ನು ಪೆನ್ಸಿಲ್ ಹಿಡಿದು ಓದಿದೆ. ಕಿಡ್ನಿಗೆ ಮೊದಲ ಪೆಟ್ಟು ಬಿದ್ದಾಗ ಹೇಳುವ ಪರೀಕ್ಷೆ ಅದರಲ್ಲಿ ಇರಲೇ ಇಲ್ಲ. 86 ಪರೀಕ್ಷೆಗಳಲ್ಲಿ ಮೂತ್ರದ ಒಂದು ಹನಿ ಇಲ್ಲ! ಡಯಾಲಿಸಿಸ್ ಕಂಡ ಮನೆಗೆ ಕಿಡ್ನಿಯ ಅಪಾಯ ಕಡಿಮೆ ಎಂದು ಬರೆದುಕೊಟ್ಟ ವರದಿ, ಕಿಡ್ನಿ ಕೆಟ್ಟಾಗ ಮೂತ್ರಕ್ಕೆ ಸೋರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ನೋಡದೆ ಬರೆದದ್ದು.

ನೋಡಿಸಿದೆ. ಮೊದಲ ಸಲ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 340 ಬಂತು. 30ರ ಒಳಗಿರಬೇಕು, 300 ದಾಟಿದರೆ ತೀವ್ರ. ಮಗ ಫೋನಿನಲ್ಲಿ ಒಂದು ನಿಮಿಷ ಮಾತೇ ಆಡಲಿಲ್ಲ. ಆದರೆ ಅದೇ ವಾರ ಗೌರಮ್ಮನಿಗೆ ಉರಿಮೂತ್ರ ಇತ್ತು, ಕೇಳಿದ ಮೇಲೆ ಹೇಳಿದರು. ಸೋಂಕು, ಜ್ವರ, ಏರಿದ ಬಿಪಿ, ಹಿಂದಿನ ದಿನದ ವಿಪರೀತ ದುಡಿಮೆ ಇವೆಲ್ಲ ಈ ಅಂಕಿಯನ್ನು ಏರಿಸುತ್ತವೆ. ಒಂದೇ ಪರೀಕ್ಷೆ ನಂಬಿ ಮೇನಲ್ಲಿ ಮಾತ್ರೆ ಇಳಿಸಿದ್ದೆ, ಈಗ ಅದೇ ತಪ್ಪನ್ನು ಉಲ್ಟಾ ಮಾಡುವುದು ಬೇಡ ಅಂತ ಸೋಂಕು ವಾಸಿ ಮಾಡಿ, ಅಂತರ ಬಿಟ್ಟು ಎರಡು ಸಲ ಬೆಳಗಿನ ಮೊದಲ ಮೂತ್ರ ನೋಡಿಸಿದೆ. 204, 186. ತೀವ್ರ ಅಲ್ಲ. ಸುಳ್ಳೂ ಅಲ್ಲ.

ಹಾಗಿದ್ದರೆ ಇಜಿಎಫ್‌ಆರ್ 84 ಏನು? ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಗೌರಮ್ಮನ ಮುಂಗೈಯನ್ನು ನನ್ನ ಹೆಬ್ಬೆರಳು ಮತ್ತು ತೋರುಬೆರಳು ಸುತ್ತಿ ಇನ್ನೂ ಮಿಗುತ್ತವೆ. ಹುಟ್ಟುವುದೇ ಕಮ್ಮಿಯಾದಾಗ ಕಿಡ್ನಿ ಅರ್ಧ ಸೋಸಿದರೂ ರಕ್ತದಲ್ಲಿ ಉಳಿಯುವುದು 0.8ರಷ್ಟೇ ಇರಬಹುದು. ಇಂಥವರಿಗೆ ಸಿಸ್ಟಾಟಿನ್ ಸಿ ಹೆಚ್ಚು ಪ್ರಾಮಾಣಿಕ. ಅದು ಬೀಜಕೇಂದ್ರವಿರುವ ಎಲ್ಲ ಜೀವಕೋಶಗಳಿಂದ ಬರುವ ಸಣ್ಣ ಪ್ರೋಟೀನು, ಮಾಂಸಖಂಡದ ಹಂಗು ಅದಕ್ಕೆ ಕಡಿಮೆ. ಥೈರಾಯ್ಡ್ ಏರುಪೇರು, ಸ್ಟಿರಾಯ್ಡ್ ಮಾತ್ರೆ, ಬೀಡಿ ಸಿಗರೇಟು ಅದನ್ನೂ ಅಲ್ಲಾಡಿಸುತ್ತವೆ. ಇವರಿಗೆ ಅವು ಯಾವುವೂ ಇರಲಿಲ್ಲ.

ನಮ್ಮೂರಲ್ಲಿ ಈ ಪರೀಕ್ಷೆ ಇಲ್ಲ, ರಕ್ತ ಬೆಂಗಳೂರಿಗೆ ಹೋಗಬೇಕು. ಹೇಗೂ ಕಳಿಸುತ್ತೇವಲ್ಲ ಎಂದು ಫ್ರುಕ್ಟೋಸಮೀನನ್ನೂ ಸೇರಿಸಿದೆ. ಅದು ರಕ್ತದ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿದ ಸಕ್ಕರೆ. ಹಿಂದಿನ ಎರಡು ಮೂರು ವಾರದ ಕತೆ ಹೇಳುತ್ತದೆ, ಕೆಂಪುಕಣದ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ರಕ್ತದಲ್ಲಿ ಆಲ್ಬುಮಿನ್ನೇ ಕುಸಿದಿದ್ದರೆ ಅದೂ ಕೈ ಕೊಡುತ್ತದೆ. ಇವರದ್ದು 3.9, ಅಡ್ಡಿಯಿಲ್ಲ.

ಫ್ರುಕ್ಟೋಸಮೀನ್ 398 ಬಂತು, 285ರ ಒಳಗಿರಬೇಕಿತ್ತು. ಎಚ್‌ಬಿಎ1ಸಿ ಭಾಷೆಗೆ ತಿರುಗಿಸಿದರೆ ಸುಮಾರು 8.4. ಮೊಮ್ಮಗಳ 203ನ್ನು ತಿರುಗಿಸಿದರೆ 8.7. ಏಳನೇ ಕ್ಲಾಸಿನ ಹುಡುಗಿಯ ಪೆನ್ಸಿಲ್ಲು ಮತ್ತು ಬೆಂಗಳೂರಿನ ಯಂತ್ರ ಹೆಚ್ಚೂಕಮ್ಮಿ ಒಂದೇ ಮಾತು ಹೇಳಿದವು. ಸಿಸ್ಟಾಟಿನ್ ಸಿ 1.35, ಅದರೊಂದರಿಂದಲೇ ಲೆಕ್ಕ ಹಾಕಿದರೆ ಇಜಿಎಫ್‌ಆರ್ 48. ಕ್ರಿಯಾಟಿನಿನ್, ಸಿಸ್ಟಾಟಿನ್ ಎರಡನ್ನೂ ಸೇರಿಸಿದ ಸೂತ್ರದಲ್ಲಿ 63. ನಾನು ಹಿಡಿದದ್ದು ಈ 63ನ್ನೇ. 84 ಹೇಳಿ ಸಮಾಧಾನ ಮಾಡುವುದೂ 48 ಹೇಳಿ ಹೆದರಿಸುವುದೂ ಎರಡೂ ಸುಲಭದ ಕೆಲಸ.

ಅಂಗಾಲಿನ ಉರಿಯನ್ನು ಮರೆಯುವ ಹಾಗಿರಲಿಲ್ಲ. ಸ್ಪರ್ಶ ನೋಡುವ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿದರೆ ಎಡಗಾಲಿನ ಮೂರು ಕಡೆ ಗೊತ್ತಾಗಲಿಲ್ಲ. 'ಶುಗರ್ ನರ' ಎಂದು ಬರೆದು ಮಾತ್ರೆ ಕೊಟ್ಟು ಕಳಿಸಬಹುದಿತ್ತು. ಆದರೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಇಳಿಯುತ್ತದೆ, ಅದೂ ನರವನ್ನೇ ತಿನ್ನುತ್ತದೆ. ನೋಡಿಸಿದರೆ 162, ಇರಬೇಕಾದ್ದಕ್ಕಿಂತ ಕಮ್ಮಿ. ಇಂಜೆಕ್ಷನ್ ಶುರು ಮಾಡಿದೆ.

ಇಷ್ಟೆಲ್ಲ ಆದ ಮೇಲೂ ಕಣ್ಣಿನ ಹಿಂಪರದೆ ಹೇಗಿದೆ ಎಂದು ಯಾವ ರಕ್ತ ಪರೀಕ್ಷೆಯೂ ಹೇಳುವುದಿಲ್ಲ. ನೋಡಿಯೇ ತಿಳಿಯಬೇಕು. ಸಕ್ಕರೆಯನ್ನು ಇಳಿಸಲು ಹೊರಡುವ ಮುನ್ನವೇ ನೋಡಬೇಕು, ಯಾಕೆಂದರೆ ಬಹಳ ದಿನ ಏರಿದ್ದ ಸಕ್ಕರೆಯನ್ನು ದಿಢೀರನೆ ಇಳಿಸಿದರೆ ರೆಟಿನೋಪತಿ, ಅಂದರೆ ಸಕ್ಕರೆಯಿಂದ ಹಿಂಪರದೆಗೆ ಬರುವ ಕಾಯಿಲೆ, ಮೊದಲ ತಿಂಗಳುಗಳಲ್ಲಿ ಹೆಚ್ಚಾಗಬಹುದು. ಇದು ಡಿಸಿಸಿಟಿಯಲ್ಲೇ ಕಂಡದ್ದು. ಕಣ್ಣಿನ ಡಾಕ್ಟರು ಮಧ್ಯಮ ಹಂತದ ರೆಟಿನೋಪತಿ, ಹಿಂಪರದೆಯ ನಡುಭಾಗವಾದ ಮ್ಯಾಕ್ಯುಲಾದಲ್ಲಿ ಊತ ಇಲ್ಲ ಎಂದು ಬರೆದು ಕಳಿಸಿದರು. 'ಅಪಾಯ ಕಡಿಮೆ' ಎಂದಿದ್ದ ಮೀಟರಿನ ಮುಳ್ಳು ನೆನಪಾಯಿತು.

ಮಗನ ಪ್ರಶ್ನೆ

ಮಗ ಶನಿವಾರ ಊರಿಗೆ ಬಂದ. ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದ. ಟಿಎನ್‌ಎಫ್ ರಿಸೆಪ್ಟರ್, ಕಿಮ್-1 ಅಂತ ಹೊಸ ಗುರುತುಗಳಿವೆಯಂತೆ, ಹತ್ತು ವರ್ಷದ ಮೇಲೆ ಯಾರ ಕಿಡ್ನಿ ಹೋಗುತ್ತದೆ ಎಂದು ಈಗಲೇ ಹೇಳುತ್ತವಂತೆ. "ದುಡ್ಡಿನ ಯೋಚ್ನೆ ಬೇಡ ಸರ್, ಎಲ್ಲಿಗೆ ಬೇಕಾದ್ರೂ ಸ್ಯಾಂಪಲ್ ಕಳಿಸೋಣ."

ಅವನು ಓದಿದ್ದು ಸುಳ್ಳಲ್ಲ. ರಕ್ತದಲ್ಲಿ ಆ ರಿಸೆಪ್ಟರುಗಳು ಹೆಚ್ಚಿದ್ದವರಲ್ಲಿ ಕಿಡ್ನಿ ಬೇಗ ಸೋಲುತ್ತದೆ ಎಂಬುದು 2012ರಿಂದಲೂ ಮತ್ತೆ ಮತ್ತೆ ಕಂಡುಬಂದಿದೆ. ನಾನು ಅವನಿಗೆ ಹೇಳಿದ್ದು ಯುರೋಪಿನ ಪ್ರಯಾರಿಟಿ ಎಂಬ ಅಧ್ಯಯನದ ವಿಷಯ, 2020ರಲ್ಲಿ ಪ್ರಕಟವಾದದ್ದು. ಮೂತ್ರದಲ್ಲಿ ಆಲ್ಬುಮಿನ್ ಇನ್ನೂ ಕಾಣಿಸದ 1,775 ಜನ ಟೈಪ್ 2 ರೋಗಿಗಳಲ್ಲಿ, ಮೂತ್ರದ ಪ್ರೋಟೀನು ತುಣುಕುಗಳ ಒಂದು ಗುರುತಿನಿಂದ ಹೆಚ್ಚು ಅಪಾಯದವರನ್ನು ಆರಿಸಿದರು. ಗುರುತು ಸರಿಯಾಗೇ ಹೇಳಿತು, ಆ ಗುಂಪಿನವರಿಗೇ ಮುಂದೆ ಹೆಚ್ಚು ಆಲ್ಬುಮಿನ್ ಬಂತು. ಆದರೆ ಅವರಿಗೆ ಮುಂಚೆಯೇ ಕೊಟ್ಟ ಸ್ಪೈರೋನೋಲ್ಯಾಕ್ಟೋನ್ ಅದನ್ನು ತಡೆಯಲಿಲ್ಲ.

"ಅಂದ್ರೆ ಗೊತ್ತಾದ್ರೂ ಉಪಯೋಗ ಇಲ್ವಾ?"

ಅಮ್ಮನಿಗೆ ಗೊತ್ತಾಗಬೇಕಾದ್ದು ಆಗಲೇ ಗೊತ್ತಾಗಿದೆ ಎಂದೆ. ಆಲ್ಬುಮಿನ್ 200ರ ಹತ್ತಿರ, ಇಜಿಎಫ್‌ಆರ್ 63, ಬಿಪಿ 148/86. ಇಷ್ಟಕ್ಕೆ ಏನು ಕೊಡಬೇಕೋ ಅದು ಸಾಬೀತಾಗಿದೆ. ಹೊಸ ಗುರುತು ಹೆಚ್ಚು ಬಂದರೂ ಅದನ್ನೇ ಕೊಡುತ್ತೇನೆ, ಕಡಿಮೆ ಬಂದರೂ ಅದನ್ನೇ. ಅವನಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ಮಾವನ ಮಂಚದ ಪಕ್ಕ ಕೂತವನಿಗೆ ಈ ಮಾತು ಸಾಲದು ಅಂತ ನನಗೂ ಅನ್ನಿಸಿತು, ಆದರೂ ಸ್ಯಾಂಪಲ್ ಕಳಿಸಲಿಲ್ಲ.

ಏನಾಯಿತು

ಮೊದಲು ಬಿಪಿ ಇಳಿಸಿ ಕಿಡ್ನಿಯನ್ನೂ ಕಾಯುವ ಲೋಸಾರ್ಟನ್ ಸೇರಿಸಿದೆ. ಮೂರು ವಾರ ಬಿಟ್ಟು, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ, ಕಿಡ್ನಿಗೂ ಒಳ್ಳೆಯದಾದ ಡಾಪಾಗ್ಲಿಫ್ಲೋಜಿನ್. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಇಲ್ಲಿನ ಹಲವು ಕಂಪನಿಗಳು ಮಾಡಿ ಬೆಲೆ ಇಳಿದ ಮಾತ್ರೆ ಅದು. ತೆಳ್ಳಗಿನವರಿಗೆ ಅದನ್ನು ಬರೆಯುವ ಮುನ್ನ ನಾನು ಎರಡು ಸಲ ಯೋಚಿಸುತ್ತೇನೆ. ದೇಹದಲ್ಲಿ ಇನ್ಸುಲಿನ್ನೇ ಕಮ್ಮಿ ಇದ್ದರೆ ಉಪವಾಸದ ದಿನ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಜೀವಕ್ಕೇ ಬರಬಹುದು. ಸಿ-ಪೆಪ್ಟೈಡ್ ನೋಡಿಸಿದೆ, ಸ್ವಂತ ಇನ್ಸುಲಿನ್ ಸಾಕಷ್ಟಿತ್ತು. ಆಮೇಲೆ ಕೇಳಿದರೆ ಗೌರಮ್ಮ ತಿಂಗಳಿಗೆರಡು ಏಕಾದಶಿ ನಿರಾಹಾರ ಮಾಡುವವರು! ಏಕಾದಶಿ ಬಿಡಿ ಎಂದರೆ ಮಾತ್ರೆಯನ್ನೇ ಬಿಟ್ಟಾರು. ಅವಲಕ್ಕಿ, ಹಾಲು ತೆಗೆದುಕೊಳ್ಳುವುದಕ್ಕೆ ಒಪ್ಪಿಸಿದೆ. ಏಕಾದಶಿಯ ಹಿಂದಿನ ದಿನವೂ ಆ ದಿನವೂ ಈ ಮಾತ್ರೆ ಇಲ್ಲ, ವಾಂತಿ ಭೇದಿ ಆದರೂ ಇಲ್ಲ ಎಂದು ಕ್ಯಾಲೆಂಡರಿನ ಆ ಚೌಕಗಳಿಗೆ ಮೊಮ್ಮಗಳಿಂದ ಅಡ್ಡಗೆರೆ ಹಾಕಿಸಿದೆ. ಇನ್ಸುಲಿನ್ನಿಗೆ ಅವಸರ ಮಾಡಲಿಲ್ಲ, ಕಣ್ಣಿನ ಕಾರಣಕ್ಕೆ. ಗ್ಲಿಮೆಪಿರೈಡ್ ಏರಿಸಲೂ ಇಲ್ಲ, ಶುಗರ್ ಕುಸಿಯುವ ಭಯ ಕಡಿಮೆ ಇರುವ ಸಿಟಾಗ್ಲಿಪ್ಟಿನ್ ಸೇರಿಸಿದೆ. ರಾತ್ರಿ ಅನ್ನ ಒಂದು ಸೌಟು ಇಳಿಯಿತು.

ಎರಡು ವಾರಕ್ಕೆ ಕ್ರಿಯಾಟಿನಿನ್ 0.8ರಿಂದ 0.9 ಆಯಿತು, ಇಜಿಎಫ್‌ಆರ್ 84 ಇದ್ದದ್ದು 73. ಇದು ನಿರೀಕ್ಷಿತ. ಲೋಸಾರ್ಟನ್, ಡಾಪಾಗ್ಲಿಫ್ಲೋಜಿನ್ ಎರಡೂ ಕಿಡ್ನಿಯ ಸೋಸುಗದ ಒಳಗಿನ ಒತ್ತಡ ಇಳಿಸುವುದರಿಂದ ಮೊದಲಿಗೆ ಸ್ವಲ್ಪ ಕುಸಿತ ಕಾಣುತ್ತದೆ. ಶೇ. 30ರ ಒಳಗಿದ್ದರೆ ಮುಂದುವರಿಸಬೇಕು. ಪೊಟ್ಯಾಸಿಯಂ 4.7, ಸರಿಯಿತ್ತು. ಆದರೆ ಹೀಗಾಗುತ್ತದೆ ಎಂದು ನಾನು ಮೊದಲೇ ಹೇಳಿರಲಿಲ್ಲ. ವರದಿ ನೇರ ಮಗನ ಮೊಬೈಲಿಗೆ ಹೋಯಿತು. ಅವನು ಅಮ್ಮನಿಗೆ ಫೋನ್ ಮಾಡಿ ಎರಡೂ ಮಾತ್ರೆ ನಿಲ್ಲಿಸಿಸಿದ. ಒಂಬತ್ತು ದಿನ. ನನಗೆ ಗೊತ್ತಾದದ್ದು ಗೌರಮ್ಮ ಮಾತ್ರೆ ಒಯ್ಯಲಿಲ್ಲ ಎಂದು ಮೆಡಿಕಲ್ ಶಾಪಿನ ಹುಡುಗ ಹೇಳಿದಾಗ. ಮಗನ ಮೇಲೆ ಸಿಟ್ಟು ಬರಲಿಲ್ಲ. ಕೆಂಪು ಬಾಣದ ಗುರುತು ನೋಡಿದ ಯಾರೂ ಅದನ್ನೇ ಮಾಡುತ್ತಾರೆ.

ವರ್ಷದ ಕೊನೆಯ ಲೆಕ್ಕ ಹೀಗಿದೆ. ಆಲ್ಬುಮಿನ್ ಅನುಪಾತ 92. ಸಿಸ್ಟಾಟಿನ್ ಸಿ 1.33, ಹೆಚ್ಚೂಕಮ್ಮಿ ನಿಂತಲ್ಲೇ ನಿಂತಿದೆ. ಹಿಮೋಗ್ಲೋಬಿನ್ ಆರು ತಿಂಗಳು ಅಲ್ಲಾಡದೆ 12ರ ಹತ್ತಿರ ನಿಂತ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿದೆ: 7.3. ಅದೇ ದಿನದ ಫ್ರುಕ್ಟೋಸಮೀನ್ 325, ತಿರುಗಿಸಿದರೆ 7.1. ಎರಡಕ್ಕೂ ರಾಜಿಯಾಯಿತು, ಇನ್ನು ಬೆಂಗಳೂರಿಗೆ ಕಳಿಸುವ ಖರ್ಚಿಲ್ಲ. ಕಣ್ಣಿನಲ್ಲಿ ನಾಲ್ಕನೇ ತಿಂಗಳಿಗೆ ಒಂದೆರಡು ಹೊಸ ರಕ್ತದ ಚುಕ್ಕೆ ಕಂಡವು, ಲೇಸರ್ ಬೇಕಾಗಲಿಲ್ಲ. ರಾತ್ರಿಯ ಉರಿ ಕಮ್ಮಿಯಾಗಿದೆ. ಎಡ ಪಾದದ ಆ ಮೂರು ಜಾಗಕ್ಕೆ ಮಾತ್ರ ಸ್ಪರ್ಶ ಮರಳಲಿಲ್ಲ, ಅದು ಎಷ್ಟು ಬಿ12ರದ್ದು, ಎಷ್ಟು ಸಕ್ಕರೆಯದ್ದು ಎಂದು ಬಿಡಿಸುವುದು ನನ್ನಿಂದ ಆಗಿಲ್ಲ.

ನನ್ನ ಕ್ಲಿನಿಕ್ಕಿನಲ್ಲಿ ಬದಲಾದದ್ದು ಒಂದು ರಬ್ಬರ್ ಸ್ಟಾಂಪು. ಎಚ್‌ಬಿಎ1ಸಿ ಬರೆಯುವ ಚೀಟಿಯ ಮೇಲೆಲ್ಲ ಈಗ ಅದನ್ನು ಒತ್ತುತ್ತೇವೆ: 'ಈಚೆಗೆ ರಕ್ತ ಹೋಗಿದೆಯೇ? ರಕ್ತ ಅಥವಾ ಕಬ್ಬಿಣ ಏರಿಸಿದ್ದಾರೆಯೇ? ಹಿಮೋಗ್ಲೋಬಿನ್ ಎಷ್ಟು?' ಕೆಳಗೆ ಇನ್ನೊಂದು ಸಾಲು: 'ಮೂತ್ರ?' ನಮ್ಮ ಕಾಂಪೌಂಡರ್‌ಗೆ ಅದು ತಮಾಷೆ, ಒತ್ತುವಾಗೆಲ್ಲ ಜೋರಾಗಿ ಓದುತ್ತಾನೆ. ಡಾಪಾಗ್ಲಿಫ್ಲೋಜಿನ್ ಬರೆದಾಗ, ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ, ನನ್ನನ್ನು ಕೇಳದೆ ನಿಲ್ಲಿಸಬೇಡಿ ಎಂದು ರೋಗಿಗೂ, ವರದಿ ಯಾರ ಮೊಬೈಲಿಗೆ ಹೋಗುತ್ತದೋ ಅವರಿಗೂ ಹೇಳುತ್ತೇನೆ.

ಜನವರಿಯಲ್ಲಿ ಗೌರಮ್ಮ ಹೊಸ ಕ್ಯಾಲೆಂಡರನ್ನೇ ತಂದಿದ್ದರು. ಹಾಲು ಈಗ ಒಂದೇ ಲೀಟರು, ಕೆಂಪು ಅಂಕಿಗಳು ವಾರಕ್ಕೆ ಮೂರು. ಮುಂದಿನ ಮೂತ್ರ ಪರೀಕ್ಷೆ ಯಾವಾಗ ಎಂದು ಮೊಮ್ಮಗಳು ಕೇಳಿದಳು. ಏಪ್ರಿಲ್ ಎಂದೆ. ಹಾಳೆ ಮಗುಚಿ, ಏಪ್ರಿಲ್ ಮೊದಲ ಸೋಮವಾರದ ಚೌಕದಲ್ಲಿ ಒಂದು ಸಣ್ಣ ಬಾಟಲಿಯ ಚಿತ್ರ ಬರೆದಳು.